ಸೆಲ್ಫ್ ತಿರುಗುತ್ತೆ, ಎಂಜಿನ್ ಸ್ಟಾರ್ಟ್ ಆಗಲ್ಲ: ಮೊದಲು ಸೈಲೆನ್ಸರ್ ನೋಡಿ

ಭದ್ರಾ ಕಾಲುವೆಗೆ ನೀರು ಬಿಟ್ಟರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಟ್ರ್ಯಾಕ್ಟರಿಗೆ ಕೇಜ್‌ವೀಲ್ ಹಾಕಿ ಆಗಿದೆ, ನಾಟಿಗೆ ಆಳುಗಳಿಗೆ ಹೇಳಿ ಆಗಿದೆ, ಬೆಳಗ್ಗೆ ಆರು ಗಂಟೆಗೆ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ. "ಅಣ್ಣ, ಡೀಸೆಲ್ ಪಂಪು ಹೋಗಿರ್ಬೇಕು, ಬಿಚ್ಚಿಸಿ ಕಳಿಸ್ಲಾ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಲ್ಲಿ ಹೊಗೆ ಬರ್ತಿದೆಯಾ? ಬಂದರೆ ಯಾವ ಬಣ್ಣ? ಹೆಚ್ಚಿನವರು ನೋಡಿರುವುದೇ ಇಲ್ಲ. ಕೀ ತಿರುಗಿಸುವವನ ಕಣ್ಣು ಮೀಟರ್ ಮೇಲೆ ಇರುತ್ತದೆ, ಉಳಿದವರೆಲ್ಲ ಬಾನೆಟ್ ಎತ್ತಿಕೊಂಡು ಪಂಪು ನೋಡುತ್ತಾ ನಿಂತಿರುತ್ತಾರೆ.

ಹೊಗೆ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಓಡುವ ಎಂಜಿನ್ನಿನಲ್ಲಿ 500 ಡಿಗ್ರಿಗೂ ಮೇಲೆ ಹೋಗುತ್ತದೆ. ಆ ಕಾದ ಗಾಳಿಗೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಎಂಜಿನ್ ಬೇಗ ಬೇಗ ತಿರುಗಬೇಕು, ಡೀಸೆಲ್ ತಲುಪಬೇಕು, ಗಾಳಿ ಸೋರದೆ ಒತ್ತಬೇಕು. ಇಷ್ಟೇ. ಇದರಲ್ಲಿ ಯಾವುದು ತಪ್ಪಿದೆ ಅನ್ನುವುದನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಹೊಗೆ ಹೇಳಿಬಿಡುತ್ತದೆ.

ಅದಕ್ಕೂ ಮೊದಲು ಕಿವಿ ಕೊಡಿ. ಸೆಲ್ಫ್ ಚುರುಕಾಗಿ ತಿರುಗುತ್ತಿದೆಯಾ, ಇಲ್ಲ ನರಳುತ್ತಿದೆಯಾ? ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ. ಡೀಸೆಲ್ ಸರಿಯಾಗಿ ಬಂದರೂ ಹೊತ್ತಿಕೊಳ್ಳುವುದಿಲ್ಲ. ವೋಲ್ಟ್ ಅಳೆಯುವ ಮೀಟರ್ ಇದ್ದರೆ ಬ್ಯಾಟರಿಗೆ ಇಟ್ಟು ನೋಡಿ. ಸುಮ್ನೆ ಇರುವಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ. ಆದರೆ ಅದೊಂದನ್ನೇ ನಂಬಬೇಡಿ, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ನೋಡಬೇಕು. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ ಅಂತಲೇ. ಇಳಿಯುತ್ತಿಲ್ಲ, ಆದರೂ ಸೆಲ್ಫ್ ನರಳುತ್ತಿದೆ ಅಂದರೆ ಅರ್ತ್ ಕೇಬಲ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕೇಬಲ್ ಬಿಚ್ಚಿ, ತುಕ್ಕು ಕೆರೆದು, ಗಟ್ಟಿಯಾಗಿ ಕೂರಿಸಿ. ಎಷ್ಟೋ ಹೊಸ ಬ್ಯಾಟರಿಗಳು ಈ ಒಂದು ತುಕ್ಕು ಹಿಡಿದ ಬೋಲ್ಟಿನಿಂದ ಸುಮ್ನೆ ಮಾರಾಟ ಆಗಿವೆ. ಕೀ ತಿರುಗಿಸಿದರೆ ಏನೂ ಸದ್ದೇ ಇಲ್ಲ ಅಂದರೆ ಕ್ಲಚ್ ಪೂರ್ತಿ ತುಳಿದಿದ್ದೀರಾ, ಗೇರ್ ನ್ಯೂಟ್ರಲ್ಲಿನಲ್ಲಿ ಇದೆಯಾ ನೋಡಿ. ಟ್ರ್ಯಾಕ್ಟರುಗಳಲ್ಲಿ ಅದಕ್ಕೊಂದು ಸೇಫ್ಟಿ ಸ್ವಿಚ್ ಇರುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಸೈಲೆನ್ಸರಲ್ಲಿ ಹೊಗೆಯೇ ಇಲ್ಲ. ಹೀಗಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಮೊದಲು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ವೈರಿಗೆ ಮಣ್ಣು ಸೇರಿ ಅರ್ಧದಲ್ಲೇ ನಿಂತರೆ ಪಂಪು ಬಂದ್ ಆಗಿಯೇ ಇರುತ್ತದೆ. ಕೀಯಿಂದಲೇ ಆಫ್ ಆಗುವ ಗಾಡಿಯಾದರೆ ಪಂಪಿನ ಮೇಲೆ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ಸಾಮಾನು, ಇರುತ್ತದೆ. ಕೀ ಆನ್ ಮಾಡಿದಾಗ 'ಟಕ್' ಅನ್ನಬೇಕು, ಬೆರಳಿಟ್ಟರೆ ಗೊತ್ತಾಗುತ್ತದೆ. ಇವೆರಡೂ ಸರಿ ಇದ್ದರೆ ಹೆಚ್ಚಾಗಿ ಏರ್ ಹಿಡಿದಿರುತ್ತದೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುತ್ತದೆ.

ಏರ್ ತೆಗೆಯುವುದು ಎಲ್ಲರಿಗೂ ಗೊತ್ತು. ತಾಳ್ಮೆಯಿಂದ ತೆಗೆಯುವವರು ಕಡಿಮೆ. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂವನ್ನು ಎರಡು ಸುತ್ತು ಸಡಿಲ ಮಾಡಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ಬರೀ ಗಾಳಿ, ಆಮೇಲೆ ಸೋಪಿನ ನೊರೆಯ ಹಾಗೆ ಬಿಳಿ ಡೀಸೆಲ್, ಆಮೇಲೆ ದೊಡ್ಡ ಗುಳ್ಳೆಗಳು. ಗುಳ್ಳೆ ನಿಂತು ದಾರದ ಹಾಗೆ ತಿಳಿಯಾದ ಡೀಸೆಲ್ ಬಂದ ಮೇಲೂ ಹತ್ತು ಸಲ ಒತ್ತಬೇಕು, ಒತ್ತುತ್ತಿರುವಾಗಲೇ ಸ್ಕ್ರೂ ಮುಚ್ಚಬೇಕು. ಕೈ ನಿಲ್ಲಿಸಿ ಮುಚ್ಚಿದರೆ ಅದೇ ತೂತಿನಿಂದ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಎರಡನೇ ಫಿಲ್ಟರಿಗೆ ಹೀಗೇ, ಪಂಪಿನ ಸ್ಕ್ರೂಗೂ ಹೀಗೇ. ಕೊನೆಗೆ ನಾಝಲ್ ಪೈಪಿನ ನಟ್ಟುಗಳನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದರೆ ಡೀಸೆಲ್ ತೊಟ್ಟು ತೊಟ್ಟಾಗಿ ಚಿಮ್ಮುತ್ತದೆ. ಮುಖ ಹತ್ತಿರ ಇಡಬೇಡಿ, ಕೈ ಅಡ್ಡ ಹಿಡಿಯಬೇಡಿ. ಇದು ಹಳೇ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೇಲ್, ಅಂದರೆ ಹೆಚ್ಚಿನ ಒತ್ತಡದ ಒಂದೇ ಪೈಪಿನಿಂದ (ರೇಲ್) ಎಲ್ಲ ನಾಝಲ್ಲಿಗೂ ಡೀಸೆಲ್ ಹೋಗುವ ಹೊಸ ಗಾಡಿಗಳ ಮಾತು ಆಮೇಲೆ.

ಏರ್ ತೆಗೆದರೆ ಸ್ಟಾರ್ಟ್ ಆಗುತ್ತದೆ, ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮತ್ತೆ ಅದೇ ಕಥೆ. ಹೋದ ವರ್ಷ ಮಲೇಬೆನ್ನೂರು ಕಡೆಯ ರೈತರೊಬ್ಬರು ಹೀಗೇ ಹದಿನೈದು ದಿನ ಒದ್ದಾಡಿದ್ದರು. ಒಂದು ಕಡೆ ಪಂಪು ಬಿಚ್ಚಿಸಿ ಕ್ಯಾಲಿಬ್ರೇಷನ್ ಮಾಡಿಸಿದ್ದರು, ನಾಝಲ್ ಬದಲಾಯಿಸಿದ್ದರು, ಫೀಡ್ ಪಂಪೂ ಹೊಸದು. ನನ್ನ ಹತ್ತಿರ ಬಂದಾಗ ದುಡ್ಡಿಗಿಂತ ಜಾಸ್ತಿ ಅವರ ಧೈರ್ಯ ಖಾಲಿಯಾಗಿತ್ತು. ನಾನು ಮಾಡಿದ್ದು ಇಷ್ಟೇ. ಐದು ಲೀಟರ್ ಕ್ಯಾನಿಗೆ ಡೀಸೆಲ್ ತುಂಬಿ, ಮಡ್‌ಗಾರ್ಡಿಗೆ ಕಟ್ಟಿ, ಟ್ಯಾಂಕಿನ ಪೈಪು ಬಿಚ್ಚಿ, ಕ್ಯಾನಿನಿಂದ ಸೀದಾ ಫೀಡ್ ಪಂಪಿಗೆ ಒಂದು ಪಾರದರ್ಶಕ ಪೈಪು ಕೊಟ್ಟೆ. ಏರ್ ತೆಗೆದು ಸ್ಟಾರ್ಟ್ ಮಾಡಿ, ನಿಲ್ಲಿಸಿ, ರಾತ್ರಿಯೆಲ್ಲ ಹಾಗೇ ಬಿಟ್ಟೆ. ಬೆಳಗ್ಗೆ ಮೊದಲ ಸೆಲ್ಫಿಗೇ ಹಿಡಿಯಿತು. ಅಂದರೆ ಪಂಪಿನ ಕಡೆ ಏನೂ ತಪ್ಪಿಲ್ಲ, ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಲ್ಲೋ ಇದೆ.

ಅಲ್ಲಿ ಇದ್ದದ್ದು ಒಂದು ಗೇಣು ರಬ್ಬರ್ ಪೈಪು. ಹೊರಗೆ ಒಂದು ಹನಿ ಡೀಸೆಲ್ ಸೋರಿದ ಗುರುತಿಲ್ಲ, ಅದಕ್ಕೇ ಯಾರೂ ಅದನ್ನು ಮುಟ್ಟಿರಲಿಲ್ಲ. ಕ್ಲಿಪ್ಪಿನ ಹತ್ತಿರ ಹೆಬ್ಬೆರಳಿಟ್ಟು ಬಗ್ಗಿಸಿದರೆ ಕೂದಲೆಳೆಯಂಥ ಸೀಳು ಬಾಯಿ ಬಿಟ್ಟಿತು. ಫೀಡ್ ಪಂಪಿನ ಹಿಂದಿನ ಪೈಪಿನಲ್ಲಿ ಡೀಸೆಲ್ ಎಳೆತದಲ್ಲಿ ಬರುತ್ತದೆ, ಒತ್ತಡದಲ್ಲಲ್ಲ. ಹಾಗಾಗಿ ಸೀಳಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ನಿಲ್ಲಿಸಿದ ಮೇಲೆ ಪೈಪಿನಲ್ಲಿದ್ದ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ. ಪೈಪು ಮತ್ತು ಎರಡು ಕ್ಲಿಪ್ಪು ಹಾಕಿ ಕಳಿಸಿದೆ. ಸೀಳಿದ ತುಂಡನ್ನು ಆ ಯಜಮಾನ್ರು ಜೇಬಿಗೆ ಹಾಕಿಕೊಂಡು ಹೋದರು.

ಇದಕ್ಕೇ ನಾನು ಪಂಪು ಕೊನೆಗೆ ಅನ್ನುವುದು. ಪಂಪು, ನಾಝಲ್ ಅಂದರೆ ನಮ್ಮ ಕಡೆ ಈಗಲೂ ಮೈಕೋ ಅಂತಲೇ ಹೇಳುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾದರೂ ಜನರ ಬಾಯಲ್ಲಿ ಬದಲಾಗಿಲ್ಲ. ಆ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದು ಓಡಾಡುವ ಬ್ಯಾರಲಿಗೂ ನಡುವಿನ ಸಂದು ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರ್ನಾಲ್ಕು ಭಾಗ, ಅಷ್ಟೇ. ಗದ್ದೆ ಬದುವಿನ ಮೇಲೆ, ಮಣ್ಣಿನ ಕೈಯಲ್ಲಿ ಬಿಚ್ಚುವ ಸಾಮಾನಲ್ಲ ಅದು. ದಯವಿಟ್ಟು ಬಿಚ್ಚಿಸಬೇಡಿ.

ಇನ್ನು ಬಿಳಿ ಹೊಗೆ. ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ, ಹಬೆಯಾಗಿ ಹೊರಗೆ ಬರುತ್ತಿದೆ ಅಂತ ಅರ್ಥ. ಕಣ್ಣು ಉರಿಯುತ್ತದೆ, ಹಸಿ ಡೀಸೆಲ್ ವಾಸನೆ ಇರುತ್ತದೆ. ಚಳಿಗಾಲದ ಬೆಳಗ್ಗೆ ಹೀಗಾದರೆ ಸ್ಟಾರ್ಟ್ ಮಾಡುವ ಮೊದಲು ಬಿಸಿ ಕೊಡುವ ಹೀಟರ್ ಪ್ಲಗ್ ನೋಡಿ. ಬಿಸಿಲು ಏರಿದ ಮೇಲೂ ಹೀಗೇ ಇದ್ದರೆ ಡೀಸೆಲ್ಲಿನಲ್ಲಿ ನೀರು ಇದೆಯಾ ನೋಡಿ. ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ, ಐದು ನಿಮಿಷ ಬಿಟ್ಟರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರೂ ಇಲ್ಲ, ಗಾಡಿಗೆ ವಯಸ್ಸಾಗಿದೆ, ಎಂಜಿನ್ ಆಯಿಲ್ ಕುಡಿಯುತ್ತದೆ ಅಂದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಸೋರದೆ ಒತ್ತುತ್ತಿದೆಯಾ ಅಂತ, ಚೆಕ್ ಮಾಡಿಸಿ. ರಿಂಗ್ ಅಥವಾ ವಾಲ್ವ್ ಕೆಲಸ ಬಂದಿರಬಹುದು. ಕಪ್ಪು ಹೊಗೆ ಬಂದು ಸ್ಟಾರ್ಟ್ ಆಗದಿದ್ದರೆ ಗಾಳಿ ಸಾಲುತ್ತಿಲ್ಲ, ಏರ್ ಕ್ಲೀನರ್ ಬಿಚ್ಚಿ ನೋಡಿ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಇಲಿ ಗೂಡು ಸಿಕ್ಕಿದ್ದುಂಟು.

ಒಂದು ವಿಷಯ ಬೇಡಿಕೊಂಡು ಹೇಳುತ್ತೇನೆ. ಬಟ್ಟೆಗೆ ಪೆಟ್ರೋಲ್ ಹಚ್ಚಿ ಏರ್ ಕ್ಲೀನರಿನ ಬಾಯಿಗೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ಬೇಡ. ಹೀಟರ್ ಕಾದಿದ್ದರೆ ಅಲ್ಲೇ ಭಗ್ ಅನ್ನುತ್ತದೆ, ಕೈ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಹೊತ್ತಿಕೊಂಡು ರಿಂಗ್ ಮುರಿಯುವುದೂ ಉಂಟು. ಸೆಲ್ಫನ್ನೂ ಒಂದೇ ಸಮನೆ ಹೊಡೆಯಬೇಡಿ. ಹತ್ತು ಸೆಕೆಂಡ್ ಹೊಡೆದರೆ ಒಂದು ನಿಮಿಷ ತಣ್ಣಗಾಗಲು ಬಿಡಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ನಿಯಮ) ಡೀಸೆಲ್ ಗಾಡಿಗಳು, 2023ರಿಂದ ಬಂದ ಐವತ್ತು ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರುಗಳು ಹೆಚ್ಚಾಗಿ ಕಾಮನ್ ರೇಲ್. ಇವುಗಳಲ್ಲಿ ರೇಲ್ ಒತ್ತಡ ಒಂದು ಮಟ್ಟಕ್ಕೆ, ಸುಮಾರು 200 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ), ಏರುವ ತನಕ ಕಂಪ್ಯೂಟರ್ ನಾಝಲ್ ತೆರೆಯುವುದೇ ಇಲ್ಲ. ಹೊಗೆ ಬರದಿದ್ದರೆ ಇಲ್ಲೂ ಫಿಲ್ಟರ್, ಏರ್, ಟ್ಯಾಂಕ್ ಪೈಪು ನೋಡುವುದು ಸರಿ, ಅದು ಕಡಿಮೆ ಒತ್ತಡದ ಕಡೆ. ರೇಲಿನ ಕಡೆಯ ಸ್ಟೀಲ್ ಪೈಪಿಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ, ಸ್ಕ್ಯಾನರ್ ಇರುವವರನ್ನು ಕರೆಸಿ. ಎಂಜಿನ್ ಓಡುವಾಗ ಅಲ್ಲಿ 1,600 ಬಾರ್‌ಗೂ ಮೇಲೆ ಹೋಗುತ್ತದೆ. ಸೋರುತ್ತಿದೆಯಾ ಅಂತ ಬೆರಳಾಡಿಸಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಹಾಗೇನಾದರೂ ಆದರೆ ಅರಿಸಿನ ಹಚ್ಚಿಕೊಂಡು ಮನೆಗೆ ಹೋಗಬೇಡಿ. ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೊಕ್ಕಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ತಡವಾದರೆ ಬೆರಳೇ ತೆಗೆಯಬೇಕಾಗಿ ಬರಬಹುದು.