ಆನೆಗೊಂದಿಯ ಕಂಬಗಳೂ ಹರಿಗೋಲೂ

ಸೇತುವೆ ಕಟ್ಟುವುದು ನನ್ನ ಕಸುಬು. ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಮುಂದೆ ನಿಂತರೆ ನಾನು ವಿಠ್ಠಲ ದೇವಸ್ಥಾನದಿಂದ ಕೆಳಗೆ ನದಿಗೆ ಇಳಿಯುತ್ತೇನೆ. ಅಲ್ಲಿ ವಿಜಯನಗರ ಕಾಲದ ಸೇತುವೆಯ ಒರಟು ಕಂಬಗಳು ಸಾಲಾಗಿ ನಿಂತಿವೆ. ಮೇಲಿನ ಹಾಸು ಹೋಗಿ ಎಷ್ಟು ಕಾಲವಾಯಿತೋ.

ಕಂಬಗಳು ಅಷ್ಟು ಒತ್ತೊತ್ತಾಗಿರುವುದೇಕೆ? ಕಲ್ಲು ಅದುಮುವ ಭಾರವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ತೊಲೆಯಂತೆ ಮಲಗಿಸಿದ ಕಲ್ಲಿನ ಮೇಲೆ ಹೊರೆ ಬಿದ್ದರೆ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರುಕು ಅಲ್ಲಿಂದಲೇ ಶುರು. ಮರದ ತೊಲೆ ಇದಕ್ಕಿಂತ ಮೇಲಾದರೂ ಅದರ ಉದ್ದಕ್ಕೂ ಮಿತಿಯಿದೆ. ಹಾಗಾಗಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಹತ್ತಿರ ನಿಲ್ಲಿಸಿದರೆ ಮಳೆಗಾಲದ ತುಂಗಭದ್ರೆ ಹೊತ್ತು ತರುವ ಮರ, ಮುಳ್ಳುಕಂಟಿ ಎಲ್ಲವೂ ಅಲ್ಲೇ ಸಿಕ್ಕಿಕೊಂಡು ನೀರಿಗೆ ಒಡ್ಡಾಗುತ್ತವೆ.

ನದಿಯ ಉತ್ತರ ದಡದ ಆನೆಗೊಂದಿ ವಿಜಯನಗರದ ರಾಜಧಾನಿಗಿಂತ ಹಳೆಯ ಊರು. ದಕ್ಷಿಣ ದಡದಲ್ಲಿ ಮಹಾನಗರ ಬೆಳೆದ ಮೇಲೂ ಎರಡು ದಡಗಳ ನಡುವಿನ ನಿತ್ಯದ ಓಡಾಟವನ್ನು ನಡೆಸಿದ್ದು ಹರಿಗೋಲು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತದೆ.

ಇಪ್ಪತ್ತು ಜನ ಎಂದರೆ ಉತ್ಪ್ರೇಕ್ಷೆ ಎನಿಸಬಹುದು. ನನಗೂ ಅನಿಸಿತ್ತು, ಲೆಕ್ಕ ಹಾಕಿದೆ. ಮೂರು ಮೀಟರ್ ಅಡ್ಡಳತೆಯ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು ಏಳು ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಿದರೆ 70 ಕಿಲೋ ಹೊರುತ್ತದೆ, ಅಂದರೆ ಒಬ್ಬ ಆಳು. ಇಪ್ಪತ್ತು ಜನ ಹತ್ತಿದರೂ ಅವರ ಭಾರಕ್ಕೆ ಒಂದು ಗೇಣು ಮುಳುಗುವುದು ಕಷ್ಟ! ತಳ ಚಪ್ಪಟೆಯಾದ್ದರಿಂದ ಬಂಡೆಗಳ ಮೇಲೆ ತೆಳುವಾಗಿ ಹರಿಯುವ ನೀರಿನಲ್ಲೂ ಸಾಗುತ್ತದೆ. ತಗುಲಿದರೆ ಬಿದಿರ ಹೆಣಿಗೆ ಬಾಗುತ್ತದೆ, ಒಡೆಯುವುದಿಲ್ಲ. ಸುತ್ತುವುದೊಂದೇ ಅದರ ದೋಷ. ಅದನ್ನು ಅಂಬಿಗ ಹುಟ್ಟಿನಿಂದ ಸಂಭಾಳಿಸುತ್ತಾನೆ.

ನಮ್ಮ ಕಾಲದ ಕಾಂಕ್ರೀಟ್ ಸೇತುವೆಗೂ ಇಲ್ಲಿ ಸುಲಭವಾಗಲಿಲ್ಲ. ಸಂರಕ್ಷಿತ ಪ್ರದೇಶದೊಳಗೆ ಅದನ್ನೂ ಇನ್ನೊಂದು ಸೇತುವೆಯನ್ನೂ ಕಟ್ಟತೊಡಗಿದ ಕಾರಣಕ್ಕೇ 1999ರಲ್ಲಿ ಹಂಪಿ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಯುನೆಸ್ಕೋ ಪಟ್ಟಿ ಸೇರಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿಯಿತು. ಆ ವರ್ಷಗಳಲ್ಲಿ ಆನೆಗೊಂದಿಗೆ ದಾಟುವ ತಳವಾರಘಟ್ಟದ ಹರಿಗೋಲುಗಳಲ್ಲಿ ಕುದುರೆಗಳ ಜಾಗದಲ್ಲಿ ಮೋಟಾರ್ ಬೈಕುಗಳು ನಿಂತಿರುತ್ತಿದ್ದವು.