‘ವಿಂಡೋಸ್ 10ರಲ್ಲಿ ಚೆನ್ನಾಗಿಯೇ ಓಡುತ್ತಿತ್ತಲ್ಲ?’

ಪ್ರಶ್ನೆ: ಮೂರು ವರ್ಷಗಳಿಂದ ನನ್ನ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿಯೇ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿಯೇ, ಬಳಸುತ್ತಿದ್ದೇನೆ. ವಿಂಡೋಸ್ 10ರಲ್ಲಿ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ವಿಂಡೋಸ್ 11 ಹಾಕಿದ ವಾರದಿಂದ ದಿನಕ್ಕೆ ಎರಡು ಮೂರು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಹಳೆಯದಕ್ಕೇ ಮರಳಲೇ?

ಉತ್ತರ: ಮರಳಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ತುಂಡು ತುಂಡಾಗಿ ಹೇಳಿ ಸಾಕಾಗಿದೆ, ಈ ಸಲ ಪೂರ್ತಿ ಹೇಳುತ್ತೇನೆ.

ಮಾಡಬೇಕಾದ ಕೆಲಸ ಚಿಕ್ಕದು. ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೋಗಿ ಎಲ್ಲವನ್ನೂ ಮೂಲ ಸೆಟ್ಟಿಂಗ್‌ಗೆ ತನ್ನಿ: ಪ್ರೊಸೆಸರ್‌ನ ವೇಗ, ವೋಲ್ಟೇಜ್, ಮೆಮೊರಿಯ ವೇಗ ಏರಿಸುವ ಸಿದ್ಧ ಸೆಟ್ಟಿಂಗ್ ಆದ ಎಕ್ಸ್‌ಎಂಪಿ, ಯಾವುದನ್ನೂ ಬಿಡದೆ. ಗ್ರಾಫಿಕ್ಸ್ ಕಾರ್ಡಿನ ವೇಗ ಏರಿಸಿದ್ದರೆ ಅದನ್ನೂ ಇಳಿಸಿ. ಒಂದು ವಾರ ಹಾಗೆಯೇ ಬಳಸಿ. ಕಾಟ ನಿಂತರೆ ತಪ್ಪು ಯಾರದೆಂದು ಗೊತ್ತಾಯಿತು. ನಿಲ್ಲದಿದ್ದರೆ ಆಗ ಡ್ರೈವರ್, ಎಸ್‌ಎಸ್‌ಡಿ, ಪವರ್ ಸಪ್ಲೈಗಳ ಕಡೆ ನೋಡೋಣ. ಕೈಹಾಕುವ ಮುನ್ನ ಒಂದು ಎಚ್ಚರಿಕೆ: ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದದ್ದನ್ನು ಕಂಡು ಕಂಪ್ಯೂಟರ್ ಅದನ್ನು ಕೇಳಬಹುದು.

ಇಷ್ಟು ಹೇಳಿದ ಕೂಡಲೇ ಬರುವ ಮರುಮಾತು ಒಂದೇ. ‘ವಿಂಡೋಸ್ 10ರಲ್ಲಿ ಇದೇ ವೇಗದಲ್ಲಿ ಚೆನ್ನಾಗಿಯೇ ಓಡುತ್ತಿತ್ತಲ್ಲ? ಬದಲಾದದ್ದು ವಿಂಡೋಸ್ ಮಾತ್ರ. ಹಾಗಾದರೆ ತಪ್ಪು ಅದರದೇ ತಾನೆ?’ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆ. ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಳೆಯ ಮನೆಯ ಅಟ್ಟದಲ್ಲಿ ಒಂದು ಹಲಗೆಗೆ ಗೆದ್ದಲು ಹಿಡಿದಿದೆ ಎನ್ನಿ. ಮೊದಲಿದ್ದವರು ಆ ಮೂಲೆಯಲ್ಲಿ ಖಾಲಿ ಬುಟ್ಟಿ ಇಟ್ಟಿದ್ದರು. ಹೊಸಬರು ಬಂದು ಅಲ್ಲೇ ಅಕ್ಕಿಯ ಮೂಟೆ ಇಟ್ಟರು, ಹಲಗೆ ಮುರಿಯಿತು. ಗೆದ್ದಲು ಹಿಡಿದದ್ದು ಯಾವಾಗ? ನಿಮ್ಮ ಕಂಪ್ಯೂಟರಿನಲ್ಲಿ ನಡೆದಿರುವುದೂ ಇದೇ. ಮೆಮೊರಿಯಲ್ಲಿ ಒಂದು ಬಿಟ್ ಅಪರೂಪಕ್ಕೆ ತಪ್ಪು ಓದುತ್ತಿದ್ದರೆ, ಆ ಜಾಗದಲ್ಲಿ ಮೊನ್ನೆಯವರೆಗೆ ಬ್ರೌಸರಿನ ಯಾವುದೋ ಚಿತ್ರ ಕುಳಿತಿದ್ದಿರಬಹುದು. ಒಂದು ಚುಕ್ಕೆಯ ಬಣ್ಣ ಬದಲಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಅಲ್ಲಿಗೆ ವಿಂಡೋಸಿನ ತಿರುಳಾದ ಕರ್ನಲ್ಲಿನ ಮುಖ್ಯ ಕೋಷ್ಟಕವೊಂದು ಬಂದು ಕೂತರೆ ಇಡೀ ಯಂತ್ರವೇ ನಿಲ್ಲುತ್ತದೆ.

ಪ್ರೊಸೆಸರ್‌ನದೂ ಇದೇ ಕಥೆ. 4.8 ಗಿಗಾಹರ್ಟ್ಸ್ ಎಂದರೆ ಒಂದು ಬಡಿತಕ್ಕೆ ಸಿಗುವ ಸಮಯ ಸುಮಾರು 0.21 ನ್ಯಾನೊಸೆಕೆಂಡ್. ಅಷ್ಟರೊಳಗೆ ಸಂಕೇತ ಸರ್ಕ್ಯೂಟಿನ ಈ ತುದಿಯಿಂದ ಆ ತುದಿಗೆ ತಲುಪಿರಬೇಕು. ಕಾರ್ಖಾನೆಯವರು ಇದಕ್ಕೆಂದೇ ಸ್ವಲ್ಪ ಸಮಯ, ಸ್ವಲ್ಪ ವೋಲ್ಟೇಜ್ ಹೆಚ್ಚಾಗಿ ಬಿಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡುವಾಗ ನಾವು ತೆಗೆದುಕೊಳ್ಳುವುದು ಆ ಉಳಿಕೆಯನ್ನೇ. ಎಲ್ಲ ಕೆಲಸಗಳೂ ಅದನ್ನು ಒಂದೇ ಸಮನೆ ಕೇಳುವುದಿಲ್ಲ. ವಿಂಡೋಸ್ 11ನ ಹೊಸ ಇನ್‌ಸ್ಟಾಲ್‌ಗಳಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಸಾಮಾನ್ಯವಾಗಿ ಮೊದಲಿನಿಂದಲೇ ಆನ್ ಆಗಿರುತ್ತದೆ. ಅದು ಕರ್ನಲ್ಲಿನ ಕೆಳಗೆ ಇನ್ನೊಂದು ಪದರವನ್ನು ಓಡಿಸುತ್ತದೆ. ಹೊಸ ಡ್ರೈವರ್‌ಗಳು ಬರುತ್ತವೆ. ಅಪ್‌ಗ್ರೇಡ್ ಆದ ಮೊದಲ ದಿನಗಳಲ್ಲಿ ಇಂಡೆಕ್ಸಿಂಗ್, ವೈರಸ್ ತಪಾಸಣೆ, ಅಪ್‌ಡೇಟ್‌ಗಳು ಹಿನ್ನೆಲೆಯಲ್ಲಿ ಎಡೆಬಿಡದೆ ನಡೆಯುತ್ತವೆ. ಮೊದಲು ತಂಗಾಳಿಯಲ್ಲಿ ಕೂತಿದ್ದ ಪ್ರೊಸೆಸರ್ ಈಗ ಬೆವರುತ್ತಿದೆ.

ಸಿಲಿಕಾನ್‌ಗೂ ವಯಸ್ಸಾಗುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಿ, ಹೆಚ್ಚಿನ ಬಿಸಿಯಲ್ಲಿ ಇನ್ನೂ ಬೇಗ ಆಗುತ್ತದೆ. ಮೂರು ವರ್ಷದ ಹಿಂದೆ ಸಾಕಾಗುತ್ತಿದ್ದ ವೋಲ್ಟೇಜ್ ಇಂದಿಗೂ ಸಾಕೆಂದು ಯಾರೂ ಬರೆದುಕೊಟ್ಟಿಲ್ಲ. ಜೊತೆಗೆ, ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆಯಾದ ಟಿಪಿಎಂ ಬೇಕೆಂದು ಎಷ್ಟೋ ಜನ ಅಪ್‌ಗ್ರೇಡಿಗೆ ಮುನ್ನ ಬಯೋಸ್ ಅಪ್‌ಡೇಟ್ ಮಾಡಿಕೊಂಡಿದ್ದಾರೆ. ಆಗ ಹಳೆಯ ಅಂಕಿಗಳೆಲ್ಲ ಅಳಿಸಿಹೋಗುತ್ತವೆ, ನೆನಪಿನಿಂದ ಮತ್ತೆ ತುಂಬುತ್ತಾರೆ. ‘ಆಟೊ’ ಎಂದು ಬಿಟ್ಟ ವೋಲ್ಟೇಜುಗಳು ಹೊಸ ಬಯೋಸ್‌ನಲ್ಲಿ ಹಳೆಯಂತೆಯೇ ಇರಬೇಕೆಂದಿಲ್ಲ. ‘ಬದಲಾದದ್ದು ವಿಂಡೋಸ್ ಮಾತ್ರ’ ಎಂಬ ಮಾತು ಇಲ್ಲಿಗೇ ಮುಗಿಯಿತು.

ಇದು ಹೊಸ ಜಗಳವೂ ಅಲ್ಲ. ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಳಕೆದಾರರಿಂದ ಬಂದ ಕ್ರ್ಯಾಶ್ ವರದಿಗಳಲ್ಲಿ ಕೆಲವಕ್ಕೆ ತಲೆಬುಡವೇ ಇರಲಿಲ್ಲ. ಒಂದರಲ್ಲಿ ಪ್ರೊಸೆಸರ್ ಮುಗ್ಗರಿಸಿದ್ದು ಒಂದು ರಿಜಿಸ್ಟರನ್ನು (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ) ಸೊನ್ನೆ ಮಾಡುವ ಸೂಚನೆಯಲ್ಲಿ. ಆ ಸೂಚನೆ ಮೆಮೊರಿಯನ್ನು ಮುಟ್ಟುವುದಿಲ್ಲ, ಭಾಗಾಕಾರ ಮಾಡುವುದಿಲ್ಲ, ಸೋಲುವುದಕ್ಕೆ ಅದರಲ್ಲಿ ಏನೂ ಇಲ್ಲ. ವಿಚಾರಿಸಿ ನೋಡಿದರೆ ಓವರ್‌ಕ್ಲಾಕ್ ಮಾಡಿದ ಯಂತ್ರಗಳು. ಕೆಲವರಿಗಂತೂ ತಮ್ಮ ಯಂತ್ರ ಹಾಗಿದೆ ಎಂಬುದೇ ತಿಳಿದಿರಲಿಲ್ಲ, ಮಾರಿದವರೇ ವೇಗ ಏರಿಸಿ ಕೊಟ್ಟಿದ್ದರು. ಆರು ವರ್ಷಗಳ ನಂತರ, 2011ರಲ್ಲಿ, ಅದೇ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ಲಕ್ಷ ಕಂಪ್ಯೂಟರ್‌ಗಳ ವರದಿಗಳನ್ನು ಜಾಲಾಡಿದರು. ಓವರ್‌ಕ್ಲಾಕ್ ಮಾಡಿದವು ಹೆಚ್ಚು ಸಲ ಕ್ರ್ಯಾಶ್ ಆಗಿ ಬೀಳುತ್ತವೆ, ಹಾರ್ಡ್‌ವೇರ್ ದೋಷದಿಂದ ಒಮ್ಮೆ ಬಿದ್ದದ್ದು ಮತ್ತೆ ಬೀಳುವ ಸಂಭವ ಬಹಳ ಹೆಚ್ಚು ಎಂಬುದು ಅವರಿಗೆ ಕಂಡುಬಂತು.

ನನ್ನ ಅಕ್ಕನ ಮಗನೂ ಇದೇ ವಾದ ಹಿಡಿದು ಬಂದಿದ್ದ. ರೈಜೆನ್ 5 5600ಎಕ್ಸ್ ಪ್ರೊಸೆಸರ್. ಕಂಪನಿ ಹೇಳುವ ಮೆಮೊರಿ ವೇಗ ಸೆಕೆಂಡಿಗೆ 3200 ದಶಲಕ್ಷ ವರ್ಗಾವಣೆ, ಇವನು ಓಡಿಸುತ್ತಿದ್ದದ್ದು 3800. ಅದಕ್ಕೆ ಸರಿಯಾಗಿ ಪ್ರೊಸೆಸರ್‌ನ ಒಳಗಿನ ಸಂಪರ್ಕ ಜಾಲವಾದ ಇನ್ಫಿನಿಟಿ ಫ್ಯಾಬ್ರಿಕ್ 1900 ಮೆಗಾಹರ್ಟ್ಸ್‌ಗೆ ಏರಿತ್ತು. ‘ಹಳೆಯದರಲ್ಲಿ ಒಂದು ಎರರ್ ಕೂಡ ಇರಲಿಲ್ಲ ಮಾಮ’ ಎಂದ. ಅಪ್‌ಗ್ರೇಡ್ ಆಗಿ ಆರು ದಿನವಾಗಿತ್ತು. ವಿಂಡೋಸ್ ಹಳೆಯ ವ್ಯವಸ್ಥೆಯನ್ನು ಹತ್ತು ದಿನ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿಸಿರುತ್ತದೆ. ಅದರೊಳಗಿನ ಸಿಸ್ಟಮ್ ದಾಖಲೆಯನ್ನು ಈವೆಂಟ್ ವ್ಯೂವರ್‌ನಲ್ಲಿ ತೆರೆದೆ. ಹಾರ್ಡ್‌ವೇರ್ ದೋಷಗಳನ್ನು ದಾಖಲಿಸುವ ‘ವಿಯಾ ಲಾಗರ್ (WHEA-Logger), 19’ ಎಂಬ ಹಳದಿ ತ್ರಿಕೋನಗಳು ಸಾಲಾಗಿ ನಿಂತಿದ್ದವು. 19 ಎಂದರೆ ಹಾರ್ಡ್‌ವೇರ್ ತಪ್ಪಿತು, ತಾನೇ ಸರಿಪಡಿಸಿಕೊಂಡಿತು ಎಂದರ್ಥ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಒತ್ತೊತ್ತಾಗಿ, ಬೆಳಗಿನ ಹೊತ್ತು ಒಂದೂ ಇಲ್ಲ. ಅವನು ಗೇಮ್ ಆಡುವ ಸಮಯ ಅದು. ಮೌಸ್ ಚಕ್ರ ತಿರುಗಿಸುತ್ತಾ ಹಿಂದಕ್ಕೆ ಹೋದ. ತಿಂಗಳುಗಳು ಸರಿದವು, ತ್ರಿಕೋನಗಳು ಮುಗಿಯಲಿಲ್ಲ. ಮೆಮೊರಿಯನ್ನು 3600ಕ್ಕೆ, ಫ್ಯಾಬ್ರಿಕ್ ಅನ್ನು 1800ಕ್ಕೆ ಇಳಿಸಿದೆವು. ಅಂದಿನಿಂದ ಆ ತ್ರಿಕೋನ ಕಂಡಿಲ್ಲ, ಯಂತ್ರವೂ ಬಿದ್ದಿಲ್ಲ. ಗೇಮಿನಲ್ಲಿ ಕಳೆದುಕೊಂಡ ವೇಗ ಅವನ ಕಣ್ಣಿಗೂ ಕಾಣಲಿಲ್ಲ. ಇಪ್ಪತ್ತರ ಹುಡುಗ ತನ್ನ ಯಂತ್ರದ ದಾಖಲೆಯನ್ನು ತಾನೇ ಓದಿ ಒಪ್ಪಿಕೊಂಡ ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು.

ಇನ್ನೂ ಮನಸ್ಸು ಒಪ್ಪದವರಿಗೆ ಒಂದು ಪರೀಕ್ಷೆ ಇದೆ. ಮೆಮೊರಿಯನ್ನು ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ನಿಮ್ಮ ಓವರ್‌ಕ್ಲಾಕ್ ಸೆಟ್ಟಿಂಗಿನಲ್ಲೇ ರಾತ್ರಿಯಿಡೀ ಓಡಲು ಬಿಡಿ. ಅಲ್ಲಿ ವಿಂಡೋಸ್ 10 ಇಲ್ಲ, 11 ಇಲ್ಲ, ವಿಂಡೋಸೇ ಇಲ್ಲ. ಅಲ್ಲಿ ಬರುವ ಒಂದೇ ಒಂದು ಕೆಂಪು ಸಾಲಿಗೂ ವಿಂಡೋಸನ್ನು ದೂರುವ ಹಾಗಿಲ್ಲ. ತಪ್ಪು ಬಾರದಿದ್ದರೆ ಮೆಮೊರಿಯ ಮೇಲಿನ ಅನುಮಾನ ಕಡಿಮೆಯಾಯಿತು ಎಂದಷ್ಟೇ ಅರ್ಥ. ಪ್ರೊಸೆಸರ್‌ಗೆ ಅದು ಪ್ರಮಾಣಪತ್ರವಲ್ಲ.

ವೇಗ ಇಳಿಸಿದ ಮೇಲೆಯೂ ಕೆಲವರಿಗೆ ಕಾಟ ಮುಂದುವರಿಯುತ್ತದೆ. ಅದಕ್ಕೂ ಕಾರಣವಿದೆ. ಅಪ್‌ಗ್ರೇಡ್ ಎಂದರೆ ಹಲವು ಗಿಗಾಬೈಟ್ ಫೈಲುಗಳು ಮೆಮೊರಿಯ ಮೂಲಕ ಹಾದು ಡಿಸ್ಕಿಗೆ ಹೋಗಿ ಕೂರುವುದು. ಮೆಮೊರಿಯೇ ತಪ್ಪುತ್ತಿದ್ದಾಗ ಕೂತ ಫೈಲು ಕೆಟ್ಟೇ ಕೂತಿರಬಹುದು. ಹಾಗಾಗಿ ಮೊದಲು ವೇಗ ಇಳಿಸಿ, ಆಮೇಲೆ ವಿಂಡೋಸಿನಲ್ಲೇ ಇರುವ ರಿಪೇರಿ ಸಾಧನಗಳಾದ ಡಿಸ್ಮ್ (DISM) ಮತ್ತು ಸಿಸ್ಟಮ್ ಫೈಲ್ ಚೆಕರ್ ಓಡಿಸಿ ಫೈಲುಗಳನ್ನು ಸರಿಪಡಿಸಿಕೊಳ್ಳಿ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ರಿಪೇರಿಯೂ ಅದೇ ಕೆಟ್ಟ ಮೆಮೊರಿಯ ಮೂಲಕವೇ ಹಾದುಹೋಗುತ್ತದೆ. ವಿಂಡೋಸನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಸೋತವರಲ್ಲಿ ಅನೇಕರು ಎಡವಿದ್ದು ಇಲ್ಲೇ.

ಹೊಸ ವಿಂಡೋಸ್ ತೊಂದರೆ ತಂದ ಉದಾಹರಣೆಯೇ ಇಲ್ಲವೇ? ಇದೆ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್770ರಂಥ ಕೆಲವು ಎಸ್‌ಎಸ್‌ಡಿಗಳಿದ್ದ ಕಂಪ್ಯೂಟರ್‌ಗಳು, ಯಾವ ಓವರ್‌ಕ್ಲಾಕ್ ಇಲ್ಲದೆಯೂ, ನೀಲಿ ಪರದೆ ತೋರಿಸಿ ಕ್ರ್ಯಾಶ್ ಆದವು. ಆ ಡ್ರೈವ್‌ಗಳು ಕಂಪ್ಯೂಟರಿನ ಮೆಮೊರಿಯಲ್ಲೇ ಸ್ವಲ್ಪ ಜಾಗ ಎರವಲು ಪಡೆಯುತ್ತವೆ. ಹಳೆಯ ಆವೃತ್ತಿ ಕೊಡುತ್ತಿದ್ದದ್ದು 64 ಎಂಬಿ, ಹೊಸದು ಕೊಟ್ಟದ್ದು 200. ಕಂಪನಿ ಹೊಸ ಫರ್ಮ್‌ವೇರ್ (ಡ್ರೈವಿನ ಒಳಗಿನ ತಂತ್ರಾಂಶ) ಕೊಟ್ಟ ಮೇಲೆ ಸರಿಹೋಯಿತು. ನಿಮ್ಮ ಸಮಸ್ಯೆಯೂ ಈ ಬಗೆಯದಿರಬಹುದು. ಆದರೆ ಅದನ್ನು ಹುಡುಕುವ ಹಕ್ಕು ಮೂಲ ಸೆಟ್ಟಿಂಗಿನಲ್ಲಿ ಓಡಿಸಿ ನೋಡಿದವರಿಗೆ ಮಾತ್ರ.

ನೀವು ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ‘ನಾನು ಓವರ್‌ಕ್ಲಾಕ್ ಮಾಡಿಯೇ ಇಲ್ಲ, ಆದರೂ ಬೀಳುತ್ತದೆ’ ಎನ್ನುವವರಿದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಬೇರೆಲ್ಲಾಗಲಿ ಅಂಗಡಿಯಲ್ಲಿ ಜೋಡಿಸಿ ತಂದ ಕಂಪ್ಯೂಟರ್ ನಿಮ್ಮದಾಗಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ವೇಗ ನೋಡಿ. ಡಿಡಿಆರ್4 ಮೆಮೊರಿಗೆ 3600 ಎಂದಿದ್ದರೆ ಎಕ್ಸ್‌ಎಂಪಿ ಆನ್ ಆಗಿದೆ. ಡಿಡಿಆರ್4ರ ಅಧಿಕೃತ ಮಾನದಂಡ 3200ಕ್ಕೇ ಮುಗಿಯುತ್ತದೆ, ವೋಲ್ಟೇಜ್ 1.2. ಇಂಥ ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35. ಡಬ್ಬದ ಮೇಲೆ ಅಚ್ಚಾಗಿರುವ ಆ ಸಂಖ್ಯೆಯೂ ಓವರ್‌ಕ್ಲಾಕೇ.

ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರ ವಿಷಯ ಬೇರೆ. ಅವುಗಳಲ್ಲಿ ಅನೇಕವು ಅತಿಯಾದ ವೋಲ್ಟೇಜ್ ಕೇಳಿ ಪಡೆದು, ಮಾಲೀಕರು ಏನೂ ಮಾಡದೆಯೇ, ಒಳಗಿನಿಂದ ಹಾಳಾದವು. ಗೇಮ್ ತೆರೆದಾಗ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು, ಜನ ಗ್ರಾಫಿಕ್ಸ್ ಕಾರ್ಡನ್ನು ದೂರಿದರು. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ಸರಿಪಡಿಸಿದ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು, ಬಯೋಸ್ ಅಪ್‌ಡೇಟ್ ಮೂಲಕ ಬರುವಂಥವು) ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಮೈಕ್ರೋಕೋಡ್ ಮುಂದಿನ ಹಾನಿಯನ್ನು ತಡೆಯುತ್ತದೆ, ಈಗಾಗಲೇ ಹಾಳಾದ ಪ್ರೊಸೆಸರ್ ಅದರಿಂದ ಸರಿಹೋಗುವುದಿಲ್ಲ. ಅಂಥದ್ದನ್ನು ಬದಲಿಸಿಕೊಳ್ಳಲೇಬೇಕು. ನಿಮ್ಮದು ಆ ಪೀಳಿಗೆಯದಾಗಿದ್ದರೆ ಇಂದೇ ಬಯೋಸ್ ಅಪ್‌ಡೇಟ್ ಮಾಡಿ, ಪ್ರೊಸೆಸರ್ ಕೊಂಡಾಗಿನ ಬಿಲ್ ಎಲ್ಲಿದೆ ಎಂದು ಹುಡುಕಿ ಇಟ್ಟುಕೊಳ್ಳಿ.