ಫೈಲಿನ ಹೆಸರಿಗೆ 99 ಸೇರಿಸಿದರೆ ಸರ್ವೀಸ್ ಕೊನೆಗೆ ಏಳುತ್ತಾ?

ಪ್ರಶ್ನೆ: ಲಿನಕ್ಸ್ ಬೂಟ್ ಆಗುವಾಗ ನನ್ನ ಪ್ರೋಗ್ರಾಂ ಡೇಟಾಬೇಸ್‌ಗಿಂತ ಮೊದಲೇ ಶುರುವಾಗಿ ಎರರ್ ಕೊಟ್ಟು ನಿಲ್ಲುತ್ತದೆ. ಸರ್ವೀಸ್ ಫೈಲಿನ ಹೆಸರಿನ ಮುಂದೆ 99 ಹಾಕಿದೆ. ಆದರೂ ಅದೇ ಕಥೆ. ಏನು ಮಾಡಲಿ?

ಮೊದಲು ಆ 99 ತೆಗೆಯಿರಿ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟೆ.

ಈ ನಂಬರಿನ ಹುಚ್ಚು, ಬೂಟ್ ಆಗುವಾಗ ಸರ್ವೀಸ್‌ಗಳನ್ನು ಎಬ್ಬಿಸುತ್ತಿದ್ದ ಹಳೆಯ ಸಿಸ್‌ವಿ ಇನಿಟ್ ಕಾಲದ್ದು. ಆಗ ಎಸ್20, ಎಸ್99 ಅಂತ ಹೆಸರಿಟ್ಟ ಸ್ಕ್ರಿಪ್ಟ್‌ಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಅಲ್ಲೂ ನಡೆಯುತ್ತಿದ್ದುದು ಎಣಿಕೆಯಲ್ಲ, ಅಕ್ಷರಗಳ ಕ್ರಮ. ಎಸ್9 ಅಂತ ಬರೆದರೆ ಅದು ಎಸ್10ರ ನಂತರ ಓಡುತ್ತಿತ್ತು! ಎಸ್09 ಅಂತಲೇ ಬರೆಯಬೇಕಿತ್ತು.

2010ರಲ್ಲಿ ಅದೇ ಕೆಲಸಕ್ಕೆ ಸಿಸ್ಟಮ್‌ಡಿ ಬಂತು. ಅದು ಹೆಸರು ನೋಡಿ ಸರತಿ ನಿಲ್ಲಿಸುವುದಿಲ್ಲ. ಆದಷ್ಟನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಕಾಯಬೇಕು ಅಂತ ಬರೆದಿದ್ದರೆ ಮಾತ್ರ ಕಾಯುತ್ತದೆ. “ನನಗೆ 99 ಹಾಕಿದ ಮೇಲೆ ಸರಿಹೋಯ್ತಲ್ಲ” ಅನ್ನುವವರಿದ್ದಾರೆ. ಆ ದಿನ ಡೇಟಾಬೇಸ್ ಬೇಗ ಎದ್ದಿತ್ತು, ಅಷ್ಟೇ. ಇನ್ನು ಕೆಲವರು “.ಕಾನ್ಫ್ ಫೈಲುಗಳಿಗೆ 10, 50 ಅಂತ ಇರುತ್ತಲ್ವಾ?” ಅಂತ ಕೇಳುತ್ತಾರೆ. ಇರುತ್ತೆ. ಅದು ಯಾವ ಸೆಟ್ಟಿಂಗ್ ಕೊನೆಗೆ ಓದಿಸಿಕೊಳ್ಳಬೇಕು ಅನ್ನುವುದಕ್ಕೆ. ಸರ್ವೀಸ್ ಏಳುವ ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ.

ನಿಮಗೆ ಬೇಕಾದದ್ದು ಸರ್ವೀಸ್ ಫೈಲಿನ ‘ಯುನಿಟ್’ ಭಾಗದಲ್ಲಿ ಎರಡು ಸಾಲು (ನಿಮ್ಮ ಡೇಟಾಬೇಸ್ ಮರಿಯಾಡಿಬಿ ಅಂದುಕೊಂಡಿದ್ದೇನೆ):

ರಿಕ್ವೈರ್ಸ್=ಮರಿಯಾಡಿಬಿ.ಸರ್ವೀಸ್
ಆಫ್ಟರ್=ಮರಿಯಾಡಿಬಿ.ಸರ್ವೀಸ್

(ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.) ಎರಡೂ ಬೇಕು. ಮೊದಲನೆಯದು “ಅದನ್ನೂ ಎಬ್ಬಿಸು” ಅನ್ನುತ್ತದೆ, ಎರಡನೆಯದು “ಅದು ಎದ್ದ ಮೇಲೆ ನನ್ನನ್ನು ಎಬ್ಬಿಸು” ಅನ್ನುತ್ತದೆ. ಬರೀ ರಿಕ್ವೈರ್ಸ್ ಹಾಕಿದರೆ ಎರಡೂ ಒಟ್ಟಿಗೇ ಓಟ ಕೀಳುತ್ತವೆ. ಆಮೇಲೆ, ಬದಲಾದ ಫೈಲನ್ನು ಸಿಸ್ಟಮ್‌ಡಿ ಮತ್ತೆ ಓದಲು, ಡೀಮನ್-ರೀಲೋಡ್ ಕಮಾಂಡ್ ಕೊಡಲು ಮರೆಯಬೇಡಿ. ಸ್ಕ್ರಿಪ್ಟಿನಲ್ಲಿ ‘ಸ್ಲೀಪ್ 30’ (30 ಸೆಕೆಂಡ್ ಕಾಯಿ) ಅಂತ ಹಾಕಿದ್ದರೆ ಅದನ್ನೂ ಅಳಿಸಿ. ಮರಿಯಾಡಿಬಿ ತಾನು ಸಿದ್ಧವಾದಾಗ ತಾನೇ ಸಿಸ್ಟಮ್‌ಡಿಗೆ ತಿಳಿಸುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಮಷೀನ್ ಆಫ್ ಮಾಡುವಾಗ ಯಾವುದು ಮೊದಲು ನಿಲ್ಲುತ್ತದೆ? ಹಳೆಯ ಪದ್ಧತಿಯಲ್ಲಿ ಅದಕ್ಕೆ ಕೆ20, ಕೆ80 ಅಂತ ಬೇರೆ ನಂಬರುಗಳೇ ಇದ್ದವು. ಈಗ ಅದೇ ಆಫ್ಟರ್ ಸಾಲು ತಿರುವುಮುರುವಾಗಿ ಕೆಲಸ ಮಾಡುತ್ತದೆ. ನಿಮ್ಮ ಪ್ರೋಗ್ರಾಂ ಮೊದಲು ನಿಲ್ಲುತ್ತದೆ, ಅದು ಪೂರ್ತಿ ನಿಂತ ಮೇಲೆ ಡೇಟಾಬೇಸ್. ಆಫ್ ಮಾಡಿದಾಗಲೆಲ್ಲ ಲಾಗ್‌ನಲ್ಲಿ “ಡೇಟಾಬೇಸ್ ಸಿಗುತ್ತಿಲ್ಲ” ಅಂತ ಸಾಲುಸಾಲು ಎರರ್ ಬರುತ್ತಿದ್ದರೆ, ಆ ಸಾಲು ಇದೆಯಾ ಅಂತ ಒಮ್ಮೆ ನೋಡಿ.